ಸಾಕು ಅನ್ನೋದು ಯಾವಾಗ?

ನಾನು ಕುಡೀತೀನಿ ಅನ್ನೋದು ಅಮ್ಮನಿಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ನಾನು ಅಂದುಕೊಂಡಿದ್ದೀನಿ. ತಿಂಗಳಿಗೆ ಒಂದು ಸಲವೋ ಎರಡು ಸಲವೋ, ಟೀಮಿನವರ ಜೊತೆ ಒಂದು ಬಿಯರ್, ಅಷ್ಟೇ. ಆ 'ಅಷ್ಟೇ' ಸೇರಿಸದೆ ಈ ಸಾಲು ಮುಗಿಸೋಕೆ ನನ್ನ ಕೈಲಿ ಆಗಲ್ಲ ಅನ್ನೋದನ್ನೂ ಗಮನಿಸಿ. ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ, ಕುಡಿತ ಅಂದರೆ ಏನು ಅನ್ನೋದನ್ನ ಮನೆಯೊಳಗೇ ನೋಡಿ ಬೆಳೆದವನು ನಾನು. ಅದನ್ನ ಮುಂದೆ ಹೇಳ್ತೀನಿ. ಮೊದಲು ಒಂದು ಹಸಿರು ಬಣ್ಣದ ಪಾನೀಯದ ಕಥೆ.

ಹೋದ ನವೆಂಬರಿನಲ್ಲಿ ನಮ್ಮ ಟೀಮಿನ ಹಿರಿಯರೊಬ್ಬರು ರಿಟೈರ್ ಆದರು. ಸಿಯಾಟಲ್‌ನವರೇ. ನಾನು ಇಲ್ಲಿಗೆ ಬಂದು ಏಳು ವರ್ಷವಾಯ್ತು, ಬಂದ ದಿನದಿಂದ ನನ್ನ ಕೋಡ್ ತಿದ್ದಿದವರು ಅವರು. ಕೊನೆಯ ಶುಕ್ರವಾರ ಸಂಜೆ, ಜಿನುಗುವ ಮಳೆಯಲ್ಲಿ ನನ್ನನ್ನು ಒಂದು ಸಣ್ಣ ಬಾರಿಗೆ ಕರಕೊಂಡು ಹೋದರು. "ಇವತ್ತು ಬಿಯರ್ ಬೇಡ, ಇವತ್ತಿಗೆ ತಕ್ಕ ಹೆಸರಿನದು ಒಂದಿದೆ" ಅಂದರು. ಅದರ ಹೆಸರು 'ಲಾಸ್ಟ್ ವರ್ಡ್'. ಕೊನೆಯ ಮಾತು.

ಲೆಕ್ಕ ಬಹಳ ಸರಳ. ಜಿನ್, ಹಸಿರು ಶಾರ್ಟ್ರೂಸ್, ಚೆರ್ರಿ ಹಣ್ಣಿನಿಂದ ಮಾಡಿದ ಮರಾಸ್ಕಿನೋ ಲಿಕರ್, ನಿಂಬೆರಸ. ನಾಲ್ಕೂ ಸಮಪಾಲು. ಐಸ್ ಹಾಕಿ ಕುಲುಕಿ, ಸೋಸಿ, ಕಾಲಿರುವ ಪುಟ್ಟ ಲೋಟಕ್ಕೆ ಬಗ್ಗಿಸಿ ಕೊಡ್ತಾರೆ. ನೋಡೋಕೆ ಎಳೆ ಭತ್ತದ ಪೈರಿನ ಬಣ್ಣಕ್ಕೆ ಸ್ವಲ್ಪ ಹಾಲು ಬೆರೆಸಿದ ಹಾಗೆ. ಒಂದು ಗುಟುಕು ಕುಡಿದೆ. ಮೊದಲು ಹುಳಿ, ಆಮೇಲೆ ಸಿಹಿ. ಅದರ ಬೆನ್ನಿಗೇ ದೊಡ್ಡಪತ್ರೆ, ತುಳಸಿ, ಲವಂಗ, ಇನ್ನೂ ಹೆಸರು ಗೊತ್ತಿಲ್ಲದ ಏನೇನೋ ಮೂಗಿಗೆ ಹತ್ತಿದವು. ನೆಗಡಿ ಬಂದಾಗ ಮೂಗು ಹಿಡಿದು ಬಾಯಿಗೆ ಸುರೀತಿದ್ದ ಕಷಾಯಕ್ಕೆ ಯಾರೋ ಒಳ್ಳೆ ಬಟ್ಟೆ ಹಾಕಿ ಮದುವೆಗೆ ಕಳಿಸಿದ ಹಾಗಿತ್ತು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು.

"ಸಿಕ್ಕಾಗ ಕುಡೀರಿ. ಈ ತಿಂಗಳು ನಮಗೆ ಶಾರ್ಟ್ರೂಸ್ ಬಂದಿರೋದು ಒಂದೇ ಬಾಟಲಿ" ಅಂದ ಬಾರಿನ ಹುಡುಗ. ಯಾಕೆ, ಕಂಪನಿ ಮುಚ್ಚಿತಾ ಅಂತ ಕೇಳಿದೆ. "ಇಲ್ಲ. ಮಾಡೋರು ಸಾಕು ಅಂದುಬಿಟ್ಟರು" ಅಂದ.

ಮಾರಾಟ ಚೆನ್ನಾಗಿ ಆಗ್ತಿರುವಾಗ ಸಾಕು ಅಂದವರು ಯಾರಪ್ಪ ಅಂತ ಮನೆಗೆ ಬಂದು ಓದೋಕೆ ಕೂತೆ. ರಾತ್ರಿ ಎರಡು ಗಂಟೆ ಆಯ್ತು.

ಮೊದಲು ಆ ಲೋಟದ ಕಥೆ. ಲಾಸ್ಟ್ ವರ್ಡ್ ಹುಟ್ಟಿದ್ದು ಅಮೆರಿಕದ ಡೆಟ್ರಾಯಿಟ್ ಊರಿನ ಅಥ್ಲೆಟಿಕ್ ಕ್ಲಬ್ಬಿನಲ್ಲಿ. 1916ರ ಅವರ ಮೆನುವಿನಲ್ಲಿ ಅದರ ಬೆಲೆ 35 ಸೆಂಟ್. ಕಾರು ತಯಾರಿಸಿ ದುಡ್ಡು ಮಾಡಿದ ಸಾಹುಕಾರರ ಕ್ಲಬ್ ಅದು. ಎರಡೇ ವರ್ಷ, 1918ರಲ್ಲಿ ಆ ರಾಜ್ಯದಲ್ಲಿ ಮದ್ಯಪಾನ ನಿಷೇಧ ಬಂತು. 1920ರಿಂದ 1933ರವರೆಗೆ ಇಡೀ ದೇಶಕ್ಕೇ ಬಂತು. ಈ ಪಾನೀಯವನ್ನ ಜನ ಹೆಚ್ಚುಕಮ್ಮಿ ಮರೆತರು. 1951ರಲ್ಲಿ ಟೆಡ್ ಸಾಸಿಯೆ ಅನ್ನೋರು ತಮ್ಮ 'ಬಾಟಮ್ಸ್ ಅಪ್' ಪುಸ್ತಕದಲ್ಲಿ ಇದನ್ನ ಬರೆದಿಟ್ಟರು. ಪುಸ್ತಕ ಕಪಾಟಿನಲ್ಲಿ ಕೂತಿತು. ಅರ್ಧ ಶತಮಾನ ಕಳೆದ ಮೇಲೆ, 2004ರ ಸುಮಾರಿಗೆ, ಇದೇ ಸಿಯಾಟಲ್‌ನ ಜಿಗ್ ಜ್ಯಾಗ್ ಕೆಫೆಯಲ್ಲಿ ಕೆಲಸ ಮಾಡ್ತಿದ್ದ ಮರ್ರೆ ಸ್ಟೆನ್ಸನ್ ಆ ಹಳೆ ಪುಸ್ತಕದಿಂದ ಇದನ್ನ ಎತ್ತಿ ಮೆನುವಿಗೆ ಹಾಕಿದರು. ಅಲ್ಲಿಂದ ನ್ಯೂಯಾರ್ಕ್, ಲಂಡನ್, ಈಗ ಜಗತ್ತೆಲ್ಲ. ಸತ್ತೇ ಹೋಯ್ತು ಅಂದುಕೊಂಡ ಮಾವಿನ ಗಿಡ ಬುಡದಲ್ಲಿ ಚಿಗುರಿದ ಹಾಗೆ.

ಈಗ ಅದರೊಳಗಿನ ಹಸಿರಿನ ಕಥೆ. ಫ್ರಾನ್ಸಿನ ಗ್ರೆನೋಬಲ್ ಊರಿನ ಹತ್ತಿರ ಶಾರ್ಟ್ರೂಸ್ ಅನ್ನೋ ಬೆಟ್ಟಸಾಲು ಇದೆ. 1084ರಲ್ಲಿ ಬ್ರೂನೋ ಅನ್ನೋರು ಆರು ಜನ ಸಂಗಡಿಗರ ಜೊತೆ ಅಲ್ಲಿ ಹೋಗಿ ನೆಲೆಸಿದರು. ಅವರಿಂದ ಶುರುವಾದದ್ದು ಕಾರ್ತೂಸಿಯನ್ ಸನ್ಯಾಸಿಗಳ ಪರಂಪರೆ. ಅವರ ಬದುಕು ಬಹುಪಾಲು ಮೌನ. ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಮನೆ, ಅದರ ಹಿಂದೆ ಒಂದು ಕೈತೋಟ. ಊಟ ಗೋಡೆಯ ಕಿಂಡಿಯಿಂದ ಬರುತ್ತೆ. ನಡುರಾತ್ರಿ ಎದ್ದು ಪ್ರಾರ್ಥನೆ. ವಾರಕ್ಕೊಮ್ಮೆ ಒಟ್ಟಾಗಿ ನಡೆಯೋಕೆ ಹೋದಾಗ ಮನಬಿಚ್ಚಿ ಮಾತು. ಫಿಲಿಪ್ ಗ್ರೋನಿಂಗ್ ಅನ್ನೋ ಜರ್ಮನ್ ನಿರ್ದೇಶಕ ಅವರ ಬಗ್ಗೆ ಸಿನಿಮಾ ಮಾಡ್ತೀನಿ ಅಂತ 1984ರಲ್ಲಿ ಅನುಮತಿ ಕೇಳಿದರಂತೆ. "ಈಗ ಬೇಡ" ಅಂದರು. 16 ವರ್ಷ ಆದಮೇಲೆ, ಈಗ ಆಗಬಹುದು ಅಂತ ಉತ್ತರ ಬಂತು! ನಾನು ಮೆಸೇಜಿಗೆ ಎರಡು ನೀಲಿ ಗೀಟು ಬಿದ್ದು ಹತ್ತು ನಿಮಿಷ ಉತ್ತರ ಬರದಿದ್ದರೆ ಚಡಪಡಿಸುವ ಮನುಷ್ಯ.

1605ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಅವರ ಮಠಕ್ಕೆ ಒಬ್ಬ ಸೇನಾಧಿಕಾರಿ ಒಂದು ಹಸ್ತಪ್ರತಿ ಕೊಟ್ಟರು. ದೀರ್ಘಾಯುಸ್ಸಿನ ಔಷಧಿಯ ವಿಧಾನ. ಅದನ್ನ ಬಿಡಿಸಿ ಅರ್ಥ ಮಾಡಿಕೊಂಡು ಸರಿಯಾಗಿ ತಯಾರಿಸೋಕೆ ಅವರಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಮೊದಲು ಬಂದದ್ದು ಔಷಧಿಯೇ, ಹನಿ ಲೆಕ್ಕದಲ್ಲಿ ತಗೊಳ್ಳುವಂಥದ್ದು. ಅದರಿಂದ ಇಳಿದು ಬಂದದ್ದು ಈ ಹಸಿರು ಮದ್ಯ. 130 ಬಗೆಯ ಗಿಡ, ಬೇರು, ಹೂವು, ಮಸಾಲೆ. ಮದ್ಯಸಾರ ಶೇಕಡಾ 55. ಪೂರ್ತಿ ವಿಧಾನ ಗೊತ್ತಿರೋದು ಯಾವ ಕಾಲಕ್ಕೂ ಇಬ್ಬರು ಮೂವರು ಸನ್ಯಾಸಿಗಳಿಗೆ ಮಾತ್ರ. 1903ರಲ್ಲಿ ಫ್ರಾನ್ಸ್ ಸರ್ಕಾರ ಅವರನ್ನ ದೇಶದಿಂದ ಹೊರಗೆ ಹಾಕಿ ಅವರ ಭಟ್ಟಿ, ಹೆಸರು ಎರಡನ್ನೂ ಬೇರೆಯವರಿಗೆ ಮಾರಿತು. ಅವರು ಸ್ಪೇನಿಗೆ ಹೋಗಿ ಅಲ್ಲಿ ಮಾಡಿದರು. ಹೆಸರು ಕೊಂಡವರಿಗೆ ರುಚಿ ಸಿಗಲಿಲ್ಲ. ಆ ಕಂಪನಿ ದಿವಾಳಿಯಾಗಿ, ಹೆಸರು ತಿರುಗಿ ಸನ್ಯಾಸಿಗಳ ಕೈಗೇ ಬಂತು.

ಇಷ್ಟು ದಾಟಿ ಬಂದವರು ಕೆಲವು ವರ್ಷದ ಹಿಂದೆ ಒಂದು ತೀರ್ಮಾನ ಮಾಡಿದರು. ಅದು ಜಗತ್ತಿಗೆಲ್ಲ ಗೊತ್ತಾಗಿದ್ದು 2023ರಲ್ಲಿ. ಜಗತ್ತಿನ ಬಾರುಗಳು ಇನ್ನಷ್ಟು ಕೊಡಿ ಅಂತಿದ್ದ ಕಾಲದಲ್ಲಿ, ಇನ್ನು ಮೇಲೆ ತಯಾರಿಕೆ ಹೆಚ್ಚಿಸೋದಿಲ್ಲ ಅಂದರು. ಕಾರಣ ಬಹಳ ಚಿಕ್ಕದು. ನಾವು ಬಂದಿರೋದು ಏಕಾಂತಕ್ಕೆ, ಪ್ರಾರ್ಥನೆಗೆ. ಮದ್ಯ ಮಾಡೋದು ಮಠ ನಡೆಯೋಕೆ. ಮದ್ಯಕ್ಕಾಗಿ ಮಠ ನಡೆಯೋ ಹಾಗೆ ಆಗಬಾರದು.

ಇದನ್ನ ಓದಿದಾಗ ನನಗೆ ಮೊದಲು ಬಂದದ್ದು ಭಕ್ತಿ ಅಲ್ಲ, ಗಾಬರಿ. ಹದಿನಾಲ್ಕು ವರ್ಷದಿಂದ ನಾನು ಮಾಡ್ತಿರೋ ಕೆಲಸದಲ್ಲಿ 'ಸಾಕು' ಅನ್ನೋ ಪದವೇ ಇಲ್ಲ. ಸ್ಕೇಲ್ ಆಗುತ್ತಾ? ಇವತ್ತು ಸಾವಿರ ಜನ ಬಳಸೋದನ್ನ ನಾಳೆ ಹತ್ತು ಲಕ್ಷ ಜನ ಬಳಸಿದರೆ ತಡೆಯುತ್ತಾ? ಇದೇ ನಮ್ಮ ಪ್ರಶ್ನೆ. ಹತ್ತು ಲಕ್ಷ ಜನ ಬಳಸಬೇಕಾ ಅಂತ ಒಂದು ಮೀಟಿಂಗಿನಲ್ಲೂ ಯಾರೂ ಕೇಳಿದ್ದು ನಾನು ಕಂಡಿಲ್ಲ. ನಾನೂ ಕೇಳಿಲ್ಲ. ಬೇಡಿಕೆ ಇದ್ದೂ ಪೂರೈಸದೆ ಇರೋದಕ್ಕೆ ನಮ್ಮಲ್ಲಿ ಇರೋ ಹೆಸರು 'ಬಗ್'.

ಇದನ್ನೆಲ್ಲ ಬೆಂಗಳೂರಿನಲ್ಲಿರೋ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಅವನೂ ನನ್ನ ಹಾಗೇ ಸಗಣಿ ಬಾಚಿ ಸ್ಕೂಲಿಗೆ ಹೋದವನು. ಕೇಳಿಸಿಕೊಂಡು ನಕ್ಕ. "ಹೊಟ್ಟೆ ತುಂಬಿದೋರ ಮಾತು ಕಣೋ ಅದು. ಹೆಂಡತಿಯಿಲ್ಲ, ಮಕ್ಕಳಿಲ್ಲ, ಮನೆ ಲೋನಿಲ್ಲ. ಅವರು ಸಾಕು ಅಂದ್ರೆ ಬೆಲೆ ಇನ್ನೂ ಮೇಲೆ ಹೋಗುತ್ತೆ. ನೀನು ಸಾಕು ಅನ್ನು ನೋಡೋಣ. ಅಷ್ಟಕ್ಕೂ ಅವರು ಮಾರ್ತಿರೋದು ಎಣ್ಣೆನೇ ತಾನೇ? ನಿಮ್ಮ ಚಿಕ್ಕಪ್ಪನ್ನ ಮರೆತುಬಿಟ್ಯಾ?"

ಎರಡು ಪ್ರಶ್ನೆ ಕೇಳಿದ್ದ. ಎರಡೂ ನ್ಯಾಯವಾದದ್ದೇ. ಹಿಂದಿನದಕ್ಕೆ ಮೊದಲು ಉತ್ತರ ಹೇಳ್ತೀನಿ.

ಅಪ್ಪ ತೀರಿಕೊಂಡಾಗ ನಾನು ಎಂಟನೇ ಕ್ಲಾಸು. ಮನೆಗೆ ಗಂಡಸು ಅಂತ ಉಳಿದದ್ದು ಚಿಕ್ಕಪ್ಪ. ಕೈ ತುಂಬ ಕೆಲಸ ಗೊತ್ತಿದ್ದ ಮನುಷ್ಯ. ಅವನು ಹೊಡೆದ ಉಳುಮೆಯ ಸಾಲು ದಾರ ಹಿಡಿದು ಗೀಟು ಎಳೆದ ಹಾಗಿರೋದು. ಸಂಜೆಯಾದರೆ ಸಾರಾಯಿ ಪ್ಯಾಕೆಟ್. ಹಲ್ಲಲ್ಲಿ ಮೂಲೆ ಕಚ್ಚಿ ಹರಿದು, ನಿಂತಲ್ಲೇ ಬಾಯಿಗೆ ಹಿಂಡಿಕೊಂಡು, ಖಾಲಿ ಕವರನ್ನ ಬೇಲಿಗೆ ಎಸೀತಿದ್ದ. ನಮ್ಮೂರ ಬೇಲಿಗಳಲ್ಲಿ ಹೂವಿಗಿಂತ ಆ ಕವರುಗಳೇ ಜಾಸ್ತಿ ಇದ್ದವು. ಮೊದಲು ಕೂಲಿ ದುಡ್ಡು ಹೋಯ್ತು. ಆಮೇಲೆ ಅವನ ಪಾಲಿನ ಅರ್ಧ ಎಕರೆ, ಆಮೇಲೆ ಚಿಕ್ಕಮ್ಮನ ಓಲೆ. 2007ರ ಜುಲೈ 1ರಿಂದ ಸರ್ಕಾರ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಲ್ಲಿಸಿತು. ಚಿಕ್ಕಮ್ಮ ಆವತ್ತು ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ತಿಂಗಳೊಳಗೆ ಚಿಕ್ಕಪ್ಪ ಅಗ್ಗದ ವಿಸ್ಕಿಗೆ ತಿರುಗಿದ. ಸಾರಾಯಿಗಿಂತ ಅದು ದುಬಾರಿ, ಹಾಗಾಗಿ ಮನೆಗೆ ಬರ್ತಿದ್ದ ಚೂರುಪಾರೂ ನಿಂತಿತು. 2011ರಲ್ಲಿ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಹೋದ. ಕೊನೆ ಕೊನೆಗೆ ಲೋಟ ಮುಂದೆ ಹಿಡಿದರೆ ಮುಖ ತಿರುಗಿಸ್ತಿದ್ದ. ಸಾಕು ಅಂದಿದ್ದ. ಆದರೆ ಸಾಕು ಅಂದದ್ದು ಅವನಲ್ಲ, ಅವನ ಲಿವರ್.

ಸನ್ಯಾಸಿ ಮಾಡಿದ ಮಾತ್ರಕ್ಕೆ ಮದ್ಯ ಪವಿತ್ರ ಆಗಲ್ಲ. ಶೇಕಡಾ 55 ಅಂದರೆ 55ನೇ. ಲಿವರಿಗೆ ಇತಿಹಾಸ ಗೊತ್ತಾಗಲ್ಲ, 130 ಗಿಡಮೂಲಿಕೆಯ ಲೆಕ್ಕವೂ ಗೊತ್ತಾಗಲ್ಲ. ಬೇಲಿ ಪಕ್ಕ ನಿಂತು ಕುಡಿದರೆ ಚಟ, ಕಾಲಿರೋ ಲೋಟದಲ್ಲಿ ಕುಡಿದರೆ ಅಭಿರುಚಿ ಅನ್ನೋದನ್ನ ನಾನು ಒಪ್ಪಲ್ಲ. 18 ಡಾಲರ್ ಕೊಟ್ಟು ಕುಡಿಯುವಾಗ ಆ ಬೇಲಿ ನನ್ನ ಕಣ್ಣ ಮುಂದೆ ಬಂದಿತ್ತು. ಬಂದೂ ಕುಡಿದೆ. ಇನ್ನೊಂದು ವಿಷಯ ಮುಚ್ಚಿಡಬಾರದು. ಆ ಸಂಜೆ ಹಿರಿಯರು ಒಂದೇ ಲೋಟಕ್ಕೆ ನಿಲ್ಲಿಸಿದರು. ನಾನು ಎರಡನೆಯದು ತರಿಸಿದೆ. ಮೊದಲನೆಯದರ ರುಚಿ ಎರಡನೆಯದರಲ್ಲಿ ಇರಲಿಲ್ಲ. ನಾಲಿಗೆಗೆ ಆ ಹೊತ್ತಿಗೆ ದೊಡ್ಡಪತ್ರೆ, ಲವಂಗ ಯಾವುದೂ ತಿಳೀತಿರಲಿಲ್ಲ. ಸಿಹಿ, ಹುಳಿ, ಬಿಸಿ, ಇಷ್ಟೇ. ಆದರೂ ಪೂರ್ತಿ ಕುಡಿದೆ, ದುಡ್ಡು ಕೊಟ್ಟಿದ್ದೀನಲ್ಲ ಅಂತ. ಚಿಕ್ಕಪ್ಪನಿಗೂ ನನಗೂ ಇರೋ ದೂರ ನಾನು ಅಂದುಕೊಂಡಷ್ಟು ಇಲ್ಲ.

ಹಾಗೆ ನೋಡಿದರೆ ಸಾಕು ಅನ್ನೋದರಲ್ಲಿ ಮೂರು ಬಗೆ ಇದೆ ಅನ್ನಿಸುತ್ತೆ. ಸರ್ಕಾರ ಹೇಳೋದು ಒಂದು. ಡೆಟ್ರಾಯಿಟ್‌ನಲ್ಲಿ 1918ರಲ್ಲಿ ಹೇಳಿತು, ನಮ್ಮಲ್ಲಿ 2007ರಲ್ಲಿ ಹೇಳಿತು. ಅದರಿಂದ ಕೆಲವು ಮನೆ ಉಳಿದಿರಬಹುದು, ಬೇಡ ಅನ್ನಲ್ಲ. ಆದರೆ ಹೊರಗಿನಿಂದ ಬಂದ ಸಾಕಿಗೆ ಮನುಷ್ಯ ಹಿಂಬಾಗಿಲು ಹುಡುಕುತ್ತಾನೆ. ದೇಹ ಹೇಳೋದು ಇನ್ನೊಂದು. ಅದು ಸುಳ್ಳು ಹೇಳಲ್ಲ, ಆದರೆ ತೀರಾ ತಡವಾಗಿ ಹೇಳುತ್ತೆ. ಮೂರನೆಯದು ತಾನೇ ಹೇಳಿಕೊಳ್ಳೋದು, ಅದೂ ಇನ್ನೂ ಶಕ್ತಿ ಇರುವಾಗ, ಕೇಳೋರು ಇರುವಾಗ. ಆ ಸನ್ಯಾಸಿಗಳು ಹೇಳಿದ್ದು ಮೂರನೆಯದು. ಅವರ ಮದ್ಯದಲ್ಲಿ ನನಗೆ ನೀತಿ ಕಾಣಲ್ಲ. ಅವರು ನಿಲ್ಲಿಸಿದ ಜಾಗದಲ್ಲಿ ಕಾಣುತ್ತೆ.

ಇನ್ನು ಗೆಳೆಯನ ಮೊದಲ ಪ್ರಶ್ನೆ. ಸಾಕು ಅನ್ನೋದು ಹೊಟ್ಟೆ ತುಂಬಿದವರ ಮಾತಾ?

ಇದಕ್ಕೆ ನನಗೆ ಗೊತ್ತಿರೋ ಉತ್ತರ ನಮ್ಮ ಕೊಟ್ಟಿಗೆಯಲ್ಲಿದೆ. ಹೈಸ್ಕೂಲಿನಿಂದಲೂ ಮನೆ ನಡೆದದ್ದು ಎರಡು ಹಸುವಿನ ಮೇಲೆ. ಬೆಳಿಗ್ಗೆ ಐದಕ್ಕೆ ಅಮ್ಮ ಹಾಲು ಕರೆಯೋಕೆ ಕೂರೋಳು. ಮೊದಲು ಕರು ಬಿಡೋದು, ಅದು ನಾಲ್ಕು ಸಲ ಗುಮ್ಮಿ ಹಸು ಸೊರೆ ಬಿಟ್ಟ ಮೇಲೆ ಎಳೆದು ಕಟ್ಟೋದು. ಕಟ್ಟಿ ಹಿಡಿಯೋದು ನನ್ನ ಕೆಲಸ. ಅಮ್ಮ ಮೂರು ಮೊಲೆ ಕರೆದು ಏಳೋಳು. ನಾಲ್ಕನೆಯದಕ್ಕೆ ಕೈ ಹಾಕ್ತಿರಲಿಲ್ಲ. ಅದು ಕರುವಿನ ಪಾಲು. ಕೆಚ್ಚಲು ತುಂಬಿ ಬಿರಿಯುವಂತಿದ್ದರೂ ಅಷ್ಟೇ, ಡೇರಿಯಲ್ಲಿ ಹಾಲು ಕಡಿಮೆ ಬಿದ್ದ ದಿನವೂ ಅಷ್ಟೇ. ನಾನೊಮ್ಮೆ, "ಇನ್ನೊಂದು ಅರ್ಧ ಲೀಟರ್ ಬರುತ್ತಲ್ಲಮ್ಮ" ಅಂದಿದ್ದಕ್ಕೆ, "ಬರುತ್ತೆ. ಅದಕ್ಕೇ ಬಿಡೋದು" ಅಂದಿದ್ದಳು. ಬರದೇ ಇದ್ದರೆ ಬಿಟ್ಟ ಹಾಗೆ ಹೇಗಾಗುತ್ತೆ?

ನಮ್ಮ ಹೊಟ್ಟೆ ಆಗ ತುಂಬಿರಲಿಲ್ಲ. ರಾಗಿ ಮುದ್ದೆಗೆ ಹುರುಳಿ ಸಾರು, ಹಬ್ಬಕ್ಕೆ ಅನ್ನ. ಆದರೂ ನಾಲ್ಕನೇ ಮೊಲೆ ಬಿಡ್ತಿದ್ದಳು. ಊರಿನಲ್ಲಿ ಇನ್ನೂ ಬಹಳ ಮನೆಯಲ್ಲಿ ಹೀಗೇ ಇತ್ತು. ಹಾಗಾಗಿ ಗೆಳೆಯನಿಗೆ, ಸಾಕು ಅನ್ನೋದಕ್ಕೆ ಮಠವೂ ಬೇಕಿಲ್ಲ, ಸಿರಿತನವೂ ಬೇಕಿಲ್ಲ ಅಂತ ಹೇಳಿ ಈ ಬರಹ ಇಲ್ಲಿಗೇ ಮುಗಿಸಬಹುದಿತ್ತು. ಚಪ್ಪಾಳೆ ಬೀಳೋ ಜಾಗ. ಆದರೆ ಕಥೆ ಅಲ್ಲಿಗೆ ಮುಗಿಯಲ್ಲ.

2007ರಲ್ಲಿ ನಾನು ಬಿಇ ಎರಡನೇ ವರ್ಷಕ್ಕೆ ಬಂದಿದ್ದೆ. ಬ್ಯಾಂಕಿನ ಸಾಲ ತಡವಾಯ್ತು. ಫೀಸಿಗೆ ಎಂಟು ಸಾವಿರ ಕಡಿಮೆ ಬಿತ್ತು. ಅಮ್ಮ ಕೈಸಾಲ ತಂದು ಕಟ್ಟಿದಳು, ತಿಂಗಳು ತಿಂಗಳು ತೀರಿಸ್ತೀನಿ ಅಂತ. ಆಗ ಡೇರಿಯಲ್ಲಿ ಲೀಟರಿಗೆ ಹತ್ತು ಚಿಲ್ಲರೆ ರೂಪಾಯಿ. ಒಂದು ಮೊಲೆಯ ಹಾಲು ಹೊತ್ತಿಗೆ ಒಂದೂವರೆ ಲೀಟರ್, ಎರಡು ಹೊತ್ತಿಗೆ ಮೂರು. ತಿಂಗಳಿಗೆ ತೊಂಬತ್ತು ಲೀಟರ್. ಸಾವಿರ ರೂಪಾಯಿ. ಎಂಟು ತಿಂಗಳಿಗೆ ಎಂಟು ಸಾವಿರ. ಈ ಲೆಕ್ಕ ಅಮ್ಮ ನನಗೆ ಯಾವತ್ತೂ ಹೇಳಿಲ್ಲ. ನಾನೇ ಹಾಕಿದ್ದು, ಬಹಳ ವರ್ಷ ಆದಮೇಲೆ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ಕರುವಿನ ಹಗ್ಗ ಗೂಟಕ್ಕೆ ಸುತ್ತಿತ್ತು. ಕರು ಎಲ್ಲಿ ಅಂದೆ. "ಹೋಯ್ತು" ಅಂದಳು ಅಮ್ಮ. ಗಂಡು ಕರು. ಮಳೆಯಲ್ಲಿ ಭೇದಿ ಹತ್ತಿತ್ತು ಅಂದರು. ಅದಕ್ಕೇ ಸತ್ತಿರಬಹುದು. ಮಳೆಗಾಲದಲ್ಲಿ ಕರುಗಳು ಸಾಯ್ತವೆ. ಆದರೆ ಮೂಳೆ ಎಣಿಸೋ ಹಾಗೆ ಬಡಕಲಾಗಿತ್ತು, ನಾಲ್ಕೂ ಮೊಲೆ ಕರೀತಿದ್ದಳು ನಿಮ್ಮಮ್ಮ ಅಂತ ಹೇಳಿದವಳು ಚಿಕ್ಕಮ್ಮ. ಅವಳು ಅದನ್ನ ದೂರು ಅಂತ ಹೇಳಲಿಲ್ಲ. ಮಳೆ ಬಂತು, ರಾಗಿ ಬಿತ್ತಿದ್ವಿ ಅನ್ನೋ ಹಾಗೆ ಹೇಳಿದಳು.

ಆ ಸಾಲ ತೀರಿದ ಮೇಲೆ ಅಮ್ಮ ಮತ್ತೆ ಯಾವತ್ತೂ ನಾಲ್ಕನೇ ಮೊಲೆ ಮುಟ್ಟಿಲ್ಲ.

ನಾನು ಬಿಇ ಮುಗಿಸಿದೆ. ಕೆಲಸ ಸಿಕ್ಕಿತು, ಇಲ್ಲಿಗೆ ಬಂದೆ, 18 ಡಾಲರಿನ ಲೋಟ ಹಿಡಿದು ಸಾಕು ಅನ್ನೋದರ ಬಗ್ಗೆ ತತ್ವ ಹೇಳೋ ಮಟ್ಟಕ್ಕೆ ಬಂದೆ. ಒಬ್ಬಳು ಒಂದು ವರ್ಷ ಸಾಕು ಅನ್ನದೆ ಇದ್ದದ್ದರಿಂದ ನಾನು ಇಲ್ಲಿದ್ದೀನಿ. ಗೆಳೆಯ ಕೇಳಿದ್ದು ಅರ್ಧ ಸರಿ. ಬಡವರು ಸಾಕು ಅನ್ನಬಲ್ಲರು, ಅಂದಿದ್ದಾರೆ. ಆದರೆ ಅವರ ಸಾಕು ಯಾವಾಗ ಬೇಕಾದರೂ ಮುರಿಯಬಹುದು. ಒಂದು ಫೀಸು ಸಾಕು ಅದಕ್ಕೆ. ಫ್ರಾನ್ಸಿನ ಬೆಟ್ಟದ ಮೇಲೆ ಸಾಕು ಅಂದಾಗ ಸಿಯಾಟಲ್ ಬಾರಿಗೆ ಒಂದು ಬಾಟಲಿ ಕಡಿಮೆಯಾಗುತ್ತೆ. ನಮ್ಮ ಕೊಟ್ಟಿಗೆಯಲ್ಲಿ ಸಾಕು ಅಂದಿದ್ದರೆ ನಾನು ಕಾಲೇಜು ಬಿಡಬೇಕಿತ್ತು. ಅನ್ನಲಿಲ್ಲ, ಕರು ಹೋಯ್ತು. ಯಾವುದು ಸರಿ ಅಂತ ಇವತ್ತಿಗೂ ನನಗೆ ಹೇಳೋಕೆ ಬರಲ್ಲ. ಅಮ್ಮನ ಜಾಗದಲ್ಲಿದ್ದಿದ್ದರೆ ನಾನೂ ಕರೀತಿದ್ದೆ. ಕರುವಿನ ಜಾಗದಲ್ಲಿ ನಿಂತು ಯೋಚಿಸೋಕೆ ಧೈರ್ಯ ಸಾಲಲ್ಲ.

ಆದರೆ ಆವತ್ತಿನಿಂದ ಒಂದು ಮಾತು ಖಚಿತ. ಕಷ್ಟ ಇದ್ದಾಗ ನಾಲ್ಕನೇ ಮೊಲೆ ಕರೆದದ್ದಕ್ಕೆ ಏನೋ ಒಂದು ಸಮಾಧಾನ ಹೇಳಬಹುದು. ಕಷ್ಟ ತೀರಿದ ಮೇಲೂ ಕರೀತಾ ಕೂತರೆ ಅದಕ್ಕೆ ಯಾವ ಸಮಾಧಾನವೂ ಇಲ್ಲ. ಕಷ್ಟ ತೀರಿದೆ ಅಂತ ಒಪ್ಪಿಕೊಳ್ಳೋದೇ ನಮ್ಮಂಥವರಿಗೆ ಕಷ್ಟ. ಹಸಿವು ಹೋದರೂ ಹಸಿವಿನ ಅಭ್ಯಾಸ ಹೋಗಲ್ಲ. ಎರಡನೇ ಲೋಟವನ್ನ ರುಚಿಯಿಲ್ಲದೆಯೂ ಕುಡಿದು ಮುಗಿಸಿದ್ದು ಅದೇ ಅಭ್ಯಾಸದಿಂದ.

ಆ ಹಿರಿಯರು ಹೋದ ಮೇಲೆ ಅವರ ಜಾಗಕ್ಕೆ ನೀನು ಬಾ ಅಂತ ಮ್ಯಾನೇಜರ್ ಕೇಳಿದರು. ಸಂಬಳ ಜಾಸ್ತಿ, ಹೆಸರು ಜಾಸ್ತಿ. ಜೊತೆಗೆ ಬೆಂಗಳೂರಿನ ಟೀಮೂ ನನ್ನ ಕೈಕೆಳಗೆ. ಅಲ್ಲಿ ಬೆಳಗಾಗುವಾಗ ಇಲ್ಲಿ ಸಂಜೆ. ಅಂದರೆ ವಾರಕ್ಕೆ ನಾಲ್ಕು ದಿನ ಸಂಜೆ ಏಳರಿಂದ ಒಂಬತ್ತು ಕಾಲ್. ಎರಡೇ ವರ್ಷ, ಆಮೇಲೆ ನೋಡೋಣ ಅಂದುಕೊಂಡೆ. ಇಲ್ಲಿಗೆ ಬಂದಾಗಲೂ ಎರಡೇ ವರ್ಷ ಅಂತಲೇ ಅಂದುಕೊಂಡಿದ್ದೆ.

ಆ ಏಳರಿಂದ ಒಂಬತ್ತರಲ್ಲಿ ಈಗ ನಡೀತಿರೋದು ದೊಡ್ಡ ಕೆಲಸವೇನಲ್ಲ. ಐದು ವರ್ಷದ ಮಗಳಿಗೆ ಊಟ ಮಾಡಿಸ್ತೀನಿ. ಆಮೇಲೆ ಸ್ಲೇಟಿನ ಮೇಲೆ ಕನ್ನಡ ಅಕ್ಷರ. ಅವಳು ಡೇಕೇರಿಗೆ ಹೋಗೋಕೆ ಶುರು ಮಾಡಿದ ಮೇಲೆ ಕನ್ನಡ ದಿನದಿನಕ್ಕೆ ಜಾರ್ತಿದೆ. ಅಜ್ಜಿ ಫೋನ್ ಮಾಡಿದರೆ ಮೊದಲು ಅರ್ಧ ಗಂಟೆ ಹರಟ್ತಿದ್ದವಳು ಈಗ ಹಲೋ, ಬೈ ಅಂತಾಳೆ. ಮೊನ್ನೆ ಊಟ ಬಡಿಸುವಾಗ "ಸಾಕಾ?" ಅಂದೆ. "ಸಾಕು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪ, ನಾವು ಬೆಕ್ಕು ಸಾಕೋಣ ಅಂದ್ಯಲ್ಲ, ಅದೂ ಸಾಕುನೇನಾ?" ಅಂತ ಕೇಳಿದಳು.

ಮೂವತ್ತೈದು ವರ್ಷ ಆ ಭಾಷೆಯಲ್ಲೇ ಇದ್ದೂ ನನಗೆ ಅದು ಹೊಳೆದಿರಲಿಲ್ಲ. ಇಷ್ಟು ಆಯ್ತು, ನಿಲ್ಲಿಸು ಅನ್ನೋಕೂ ಸಾಕು. ತಿನ್ನಿಸಿ, ನೋಡಿಕೊಂಡು ಬೆಳೆಸು ಅನ್ನೋಕೂ ಸಾಕು. ಎರಡರ ಮೂಲ ಒಂದೇ ಅಂತ ನಾನು ಹೇಳ್ತಿಲ್ಲ, ನಾನು ಪಂಡಿತ ಅಲ್ಲ. ಆದರೆ ನಮ್ಮ ಕೊಟ್ಟಿಗೆಯಲ್ಲಿ ಅವೆರಡೂ ಒಂದೇ ಕೆಲಸವಾಗಿದ್ದವು. ಮೂರು ಮೊಲೆಗೆ ಸಾಕು ಅಂದದ್ದು ಕರುವನ್ನ ಸಾಕೋಕೆ. ಆ ಸನ್ಯಾಸಿಗಳು ಮದ್ಯ ಸಾಕು ಅಂದದ್ದು ತಮ್ಮ ಮೌನವನ್ನ ಸಾಕಿಕೊಳ್ಳೋಕೆ. ಏನನ್ನಾದರೂ ಸಾಕೋಕೆ ಅಂತ ಹೇಳಿದ ಸಾಕಿಗೆ ಬಲ ಇರುತ್ತೆ. ಸುಮ್ಮನೆ ಸುಸ್ತಾಗಿ ಸಾಕಪ್ಪ ಅಂದರೆ ಸೋಮವಾರ ಬೆಳಿಗ್ಗೆ ಮತ್ತೆ ಅದೇ ಬೇಕು. ಅಷ್ಟು ದಿನ ನಾನು ಎಷ್ಟಕ್ಕೆ ಸಾಕು ಅನ್ನಬೇಕು ಅಂತ ತಲೆ ಕೆಡಿಸಿಕೊಂಡಿದ್ದೆ. ಕೇಳಿಕೊಳ್ಳಬೇಕಿದ್ದದ್ದು ಬೇರೆ. ಯಾರಿಗೆ ಬಿಡಬೇಕು ಅಂತ ಸಾಕು ಅಂತಿದ್ದೀನಿ? ನನ್ನ ಕರು ಯಾವುದು?

ಮ್ಯಾನೇಜರಿಗೆ ಬೇಡ ಅಂತ ಬರೆದೆ. ಅವರಿಗೆ ಆಶ್ಚರ್ಯವಾಯ್ತು. ನನ್ನ ಹೆಂಡತಿಗೆ ಆಗಲಿಲ್ಲ. ಸರಿ ಮಾಡಿದೆನಾ ಅಂತ ಮನೆ ಸಾಲದ ಕಂತು ಕಟ್ಟೋ ದಿನ ಅನುಮಾನ ಬರುತ್ತೆ. ಬರಲಿ. ಸಾಕು ಅನ್ನೋದು ಒಂದು ಸಲ ಹೇಳಿ ಮುಗಿಯೋ ಕೊನೆಯ ಮಾತಲ್ಲ. ಅಮ್ಮ ದಿನಕ್ಕೆ ಎರಡು ಸಲ, ಪ್ರತಿದಿನ, ತುಂಬಿದ ಕೆಚ್ಚಲಿನ ಮುಂದೆ ಕೂತು ಹೇಳಿದ್ದು ಅದನ್ನ.

ಹೋದ ಭಾನುವಾರ ಅಮ್ಮ ಫೋನಿನಲ್ಲಿ ಹಸು ಕರು ಹಾಕಿದ ಸುದ್ದಿ ಹೇಳಿದಳು. ಹೆಣ್ಣು ಕರು, ಹಣೆ ಮೇಲೆ ಬಿಳಿ ಮಚ್ಚೆ. ಹದಿನೇಳು ವರ್ಷದಿಂದ ಕೇಳಬೇಕು ಅಂದುಕೊಂಡದ್ದನ್ನ ಕೇಳೋಕೆ ಬಾಯಿ ಬರಲಿಲ್ಲ. ಅದರ ಬದಲು, ಕರುವಿಗೆ ಹಾಲು ಬಿಡ್ತಿದ್ದೀಯಾ ಅಂದೆ.

"ಎರಡು ಮೊಲೆ ಬಿಡ್ತಿದೀನಿ" ಅಂದಳು. "ನೀನು ದುಡ್ಡು ಕಳಿಸ್ತೀಯಲ್ಲ."

ಆಮೇಲೆ ಮಗಳನ್ನ ಕರೆದಳು. ಅವಳು ಹಲೋ ಅಂದು, ಬೈ ಅನ್ನೋ ಮೊದಲು, ಕರುವಿಗೆ ಹೆಸರು ಇಟ್ಟಾಯ್ತಾ ಅಂತ ಕನ್ನಡದಲ್ಲೇ ಕೇಳಿದಳು.